ಒಂದನ್ನೊಂದು ಮುಟ್ಟದ ನೀರು

ಕಾನಹೊಸಹಳ್ಳಿ
೯-೩-೨೦೦೩

ಪ್ರೀತಿಯ ಮಗಳು ಯಶೋಧರಾಗೆ,

ನಿನ್ನ ಅವ್ವನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಬರೆಯಲು ಕೂತರೆ ಕೈ ಸೋಲುತ್ತದೆ. ನಿಮ್ಮಪ್ಪನ ಕೆಮ್ಮು ಇಳಿದಿದೆ. ಎಮ್ಮೆ ಈದಿದೆ, ಹೆಣ್ಣುಗರು.

ಕೊಟ್ಟೂರಿನ ಸುದ್ದಿ ಬಂತು. ತಿಪ್ಪೇಶನಿಗೆ ನೀನು ಒಪ್ಪಿಗೆ. ಆದರೆ ಅವನ ತಾಯಿ ಹುಲುಗಮ್ಮ, ಅಣುಕೇಂದ್ರದ ನೌಕರಿ ಬಿಟ್ಟರೆ ಮಾತ್ರ ಲಗ್ನ ಎಂದು ಸಂಬಂಧ ತಂದ ಹಾಲೇಶಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದಾಳೆ.

ಹೆಣ್ಣು ನೋಡಲು ಬಂದ ದಿನ ಆಕೆ, "ಆ ವಿಷದ ನೀರು ಕೈಯಾಗ ಹಿಡಿತಿಯೇನವ್ವ?" ಅಂದಳಲ್ಲ. ನೀನು ನಕ್ಕು, "ಇಲ್ಲರಿ ಅತ್ತಿ, ಒಲಿ ಕಾವು ಹೊತ್ತು ತರೋ ನೀರು ಬ್ಯಾರೆ, ಉಗಿ ಆಗೋ ನೀರು ಬ್ಯಾರೆ. ನಡುವ ಕೊಳವಿ ಐತಿ. ಕಾವು ದಾಟತೈತಿ, ನೀರು ಒಂದನ್ನೊಂದು ಮುಟ್ಟಂಗಿಲ್ಲ" ಅಂದೆ. ಆ ಕಾವು ಹೊರುವುದು ನಿಮ್ಮಲ್ಲಿ ಭಾರಜಲ, ಕೆಲವು ಕಡೆ ನಾವು ಕುಡಿಯುವಂಥ ನೀರೇ, ಕೆಲವು ದೇಶದಲ್ಲಿ ಅನಿಲ, ಇನ್ನು ಕೆಲವು ಕಡೆ ಕರಗಿಸಿದ ಸೋಡಿಯಂ ಅಂದೆ. ಸೋಡಿಯಂಗೆ ನೀರು ಸೋಕಿದರೆ ಬೆಂಕಿಯಂತೆ; ಅದಕ್ಕೇ ಒಲೆಯ ಸೋಡಿಯಂಗೂ ನೀರಿಗೂ ನಡುವೆ ಮತ್ತೊಂದು ಸುತ್ತು ಸೋಡಿಯಂ ಇಡುತ್ತಾರಂತೆ. "ಬೀಗರ ನಡುವ ನಮ್ಮ ಹಾಲೇಶಪ್ಪ ಇದ್ದಂಗ ಬಿಡು" ಎಂದು ನಿಮ್ಮಪ್ಪ ಅಂದಾಗ ಹುಲುಗಮ್ಮನೂ ನಕ್ಕಳು.

ನಾನು ಓದಿದ್ದು ಏಳನೆಯ ಇಯತ್ತೆ. ಆದರೂ ನನಗೆ ತಟ್ಟನೆ ತಿಳಿಯಿತು. ಗೌಡರ ಹೊಲದಲ್ಲಿ ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು, ತಂಬಿಗೆ ನಮ್ಮ ಕೈಗೆ ತಾಗಬಾರದು. ಹುಲುಗಮ್ಮ ಹುಟ್ಟಿದ್ದು ನಮ್ಮ ಕೇರಿಯಲ್ಲೇ. ನನ್ನ ಪಕ್ಕದಲ್ಲಿ ನಿಂತು ಬೊಗಸೆ ಒಡ್ಡಿದವಳು.

"ಹುಡುಗಿ ವಯಸ್ಸು ಮೀರತೈತಿ, ಹೂಂ ಅಂದುಬಿಡು" ಎಂದು ನಿಮ್ಮಪ್ಪ ಬುದ್ಧನ ಪಟದ ಮುಂದೆ ಕೂತುಬಿಡುತ್ತಾರೆ. ನಾನು ಉಚ್ಚಂಗಿದುರ್ಗಕ್ಕೆ ಹೋಗಿ ದೇವಿಯ ಮುಂದೆ ಹೂ ಕೇಳಿದೆ. ತಾಯಿ ಬಲಕ್ಕೂ ಕೊಡಲಿಲ್ಲ, ಎಡಕ್ಕೂ ಕೊಡಲಿಲ್ಲ. ನನ್ನ ಹಾಗೆ ಆಕೆಗೂ ಸಾಕಾಗಿರಬೇಕು.

ತಿಪ್ಪೇಶ ನಿನ್ನ ಮನಸ್ಸಿಗೆ ಬಂದಿದ್ದಾನೆ, ನನಗೆ ಗೊತ್ತು. ಬೇಕಾದರೆ ನೌಕರಿ ಬಿಡುತ್ತೇನೆ ಎಂದು ಬರೆದಿದ್ದೀಯ. ಬಿಡಬೇಡ ಮಗಳೇ. ಹುಡುಗ ಒಳ್ಳೆಯವನೇ, ಆದರೂ ಬಿಡಬೇಡ. ಕೊನೆಯ ಮಾತು ನಿನ್ನದು. ಹಾಲೇಶಪ್ಪನಿಗೆ ನಾನಿನ್ನೂ ಏನೂ ಹೇಳಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಆ ತಾಯಿ ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ.

ನಿನ್ನ ಅವ್ವ,
ಭರಮಮ್ಮ

ತಾ.ಕ.: ಹೇಳಬಾರದು ಅಂತಲೇ ಇದ್ದೆ. ಆ ದಿನ ನೀನು ಕೊಟ್ಟ ನೀರನ್ನು ಹುಲುಗಮ್ಮ ಕುಡಿಯಲಿಲ್ಲ. ನೀನು ಒಳಗೆ ಹೋದ ಮೇಲೆ ಲೋಟವನ್ನು ಸೆರಗಿನಲ್ಲಿ ಹಿಡಿದು, ಬೇವಿನ ಬುಡಕ್ಕೆ ಚೆಲ್ಲಿದಳು. ಬೇರೆ ಯಾರಾದರೂ ಆಗಿದ್ದರೆ ನನಗೆ ರೂಢಿ ಇತ್ತು. ಆ ಲೋಟ ಒಲೆಯ ಹತ್ತಿರವೇ ಇದೆ. ದಿನಾ ನಾನು ಅದರಲ್ಲೇ ಕುಡಿಯುತ್ತೇನೆ.