ಓಣಿಯ ನಾಯಿಮರಿಗೆ ಮಾಲೀಕರು ಬೇಕಾಗಿದ್ದಾರೆ

ಪಶು ಆಸ್ಪತ್ರೆಯಲ್ಲಿ ಕೂತು ನಾಯಿ ಸಾಕುವ ಬಗೆಯನ್ನು ನಮಗೆ ಬರೆದು ಕಳಿಸುವ ಮಾನ್ಯ ಅಧಿಕಾರಿಗಳೇ,

ನಮ್ಮ ಓಣಿಯ ಎರಡು ನಾಯಿಮರಿಗಳು ಸತ್ತಿವೆ. ತಮ್ಮ ಅರ್ಜಿ ನಮೂನೆಯ ನಾಲ್ಕನೆಯ ಕಾಲಂ ಖಾಲಿ ಇದ್ದುದರಿಂದ ಸತ್ತಿವೆ. ಮೂರನೆಯದು ಇನ್ನೂ ಇದೆ. ಈ ಪತ್ರ ಬರೆಯುತ್ತಿರುವಾಗ ನನ್ನ ಎಡಗಾಲಿನ ಚಪ್ಪಲಿ ಕಡಿಯುತ್ತಿದೆ. ಅದಕ್ಕೆ ಲಸಿಕೆ ಹಾಕಿಸುವುದು ಹೇಗೆ ಎಂಬುದಷ್ಟೇ ನನ್ನ ಅಹವಾಲು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದದ ಪತ್ರವೇ ಎಂದು ತಾವು ಬೇಸರಪಡಬಾರದು. ತಮ್ಮ ಕರಪತ್ರ ಇದಕ್ಕಿಂತ ಉದ್ದವಿತ್ತು, ನಾವು ತಾಳ್ಮೆಯಿಂದ ಓದಿದ್ದೇವೆ.

ನಾನಂತೂ ಇನ್ನೂರು ಸಲ ಓದಿದ್ದೇನೆ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹೊರಟುಬಿಡುವಂಥ ಊರು ನಮ್ಮದು. ಆ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ. ‘ಮುದ್ದು ಮರಿಯ ಆರೈಕೆ: ಹದಿನಾರು ಸೂತ್ರಗಳು’ ಎಂಬ ತಮ್ಮ ಕರಪತ್ರದ ಇನ್ನೂರು ಪ್ರತಿಗಳು ನನ್ನ ಯಂತ್ರದ ಹೊಟ್ಟೆಯಿಂದಲೇ ಹೊರಬಿದ್ದದ್ದು. ಅದರ ತಲೆಭಾಗದಲ್ಲಿ, ಸೋಫಾದ ಮೇಲೆ ಮಲಗಿದ ಉದ್ದ ಕೂದಲಿನ ವಿದೇಶಿ ನಾಯಿಯ ಚಿತ್ರವಿತ್ತು. ನನ್ನ ಯಂತ್ರದಲ್ಲಿ ಮಸಿ ಸ್ವಲ್ಪ ಜಾಸ್ತಿ. ನಾಯಿ, ಸೋಫಾ ಎರಡೂ ಸೇರಿ ಒಂದೇ ಕಪ್ಪು ಮುದ್ದೆಯಾಗಿದ್ದವು. ಪಕ್ಕದಲ್ಲೇ ಮಂಡಕ್ಕಿ ಮಿರ್ಚಿ ಅಂಗಡಿ ಇಟ್ಟಿರುವ ಹೊನ್ನೂರಮ್ಮ ಅದನ್ನು ನೋಡಿ, “ಕರಡಿ ಹಿಡದಾರೇನ್ ತಮ್ಮಾ? ಯಾವ ಗುಡ್ಡದಾಗ?” ಅಂದಳು. ಇದು ನಾಯಿ ಸಾಕುವ ಕಾಗದ ಅಂತ ಹೇಳಿದೆ. “ನಾಯಿ ಸಾಕಾಕ ಕಾಗದ ಯಾಕ ಬೇಕು? ರೊಟ್ಟಿ ಇದ್ರ ಸಾಕಲ್ಲ” ಎಂದು ಮಿರ್ಚಿ ತಿರುವಿ ಹಾಕಿದಳು.

ಆ ಹೊನ್ನೂರಮ್ಮನ ಬೆಂಚಿನ ಕೆಳಗೇ ಕೆಂಪಿ ಎಂಬ ನಮ್ಮ ಓಣಿಯ ನಾಯಿ ಐದು ಮರಿ ಹಾಕಿತ್ತು. ಹಡೆದ ನಾಯಿಯನ್ನು ನಮ್ಮ ಕಡೆ ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ತಮ್ಮ ಹದಿನಾರು ಸೂತ್ರಗಳಲ್ಲಿ ಇಲ್ಲ, ಹಾಗಾಗಿ ಹೇಳುತ್ತೇನೆ. ಅದಕ್ಕೂ ಬಾಣಂತನ ಉಂಟು. ಮೊದಲ ದಿನ ಈರಕ್ಕನ ಮನೆಯಿಂದ ಬೆಲ್ಲ ಹಾಕಿದ ಸಜ್ಜಕ ಬಂತು. ಎರಡನೆಯ ದಿನ ಇನ್ನೊಂದು ಮನೆಯಿಂದ ಜೋಳದ ಗಂಜಿ. ಗಾಳಿ ತಾಗಬಾರದೆಂದು ಬೆಂಚಿಗೆ ಯಾರೋ ಹಳೇ ಚಾದರ ಕಟ್ಟಿದರು. ತನ್ನ ಸೊಸೆಗೆ ಇಷ್ಟು ಸಜ್ಜಕ ಮಾಡಿದ್ದಳೋ ಇಲ್ಲವೋ ಎಂದು ಈರಕ್ಕನ ಮೇಲೆ ಓಣಿಯಲ್ಲಿ ಒಂದು ವಾರ ಚರ್ಚೆಯಾಯಿತು. ಕೆಂಪಿ ಎಲ್ಲರ ಮನೆಯದನ್ನೂ ತಿಂದಳು, ಯಾರ ಕಡೆಗೂ ವಾಲಲಿಲ್ಲ.

ಇಪ್ಪತ್ತೈದನೆಯ ದಿನಕ್ಕೆ ಏಕಾಂತಪ್ಪ ಬಂದು ಉಗುರು ಎಣಿಸಿದ. ಏಕಾಂತಪ್ಪನೆಂದರೆ ಓಣಿಯ ಹಿರಿಯ, ನಾಯಿ ವಿಷಯದಲ್ಲಿ ತಮಗಿಂತ ಹಳಬ. ಹದಿನೆಂಟು ಉಗುರಿನ ನಾಯಿ ಸಾಧಾರಣ, ಇಪ್ಪತ್ತು ಉಗುರಿನದು ಹೊಲ ಕಾಯುತ್ತದೆ, ಅದು ಇದ್ದಲ್ಲಿ ಹಂದಿ ಬರುವುದಿಲ್ಲ, ಕರಡಿಯೂ ಎರಡು ಸಲ ಯೋಚಿಸುತ್ತದೆ ಎಂಬುದು ನಮ್ಮ ಶಾಸ್ತ್ರ. ಒಂದೊಂದೇ ಮರಿಯನ್ನು ಅಂಗಾತ ಹಿಡಿದು ಎಣಿಸಿ, ಎರಡು ಗಂಡು ಮರಿಗೆ ಇಪ್ಪತ್ತು ಎಂದು ಘೋಷಿಸಿದ. ಅವತ್ತೇ ಅವೆರಡೂ ಚೀಲದಲ್ಲಿ ಕೂತು ಹೊಲ ಸೇರಿದವು. ನಾನು ತಮ್ಮ ಮೂರನೆಯ ಸೂತ್ರ ಓದಿ ಹೇಳಿದೆ: ಎಂಟು ವಾರವಾದರೂ ಮರಿ ತಾಯಿಯ ಹತ್ತಿರ ಇರಬೇಕು.

“ಎಂಟು ವಾರಕ್ಕ ಅದು ಊರ ಕುನ್ನಿ ಆಗತೈತಿ, ಹೊಲಕ್ಕ ಒಗ್ಗಂಗಿಲ್ಲ” ಅಂದ ಏಕಾಂತಪ್ಪ. “ಬರದಾವ್ರು ಎಷ್ಟು ನಾಯಿ ಸಾಕ್ಯಾರಂತ ಕೇಳು ಮೊದಲ.”

ನಾನು ಕೇಳಲಿಲ್ಲ. ಆ ಎರಡರಲ್ಲಿ ಒಂದು ಹೊಸಹಳ್ಳಿ ಕಡೆಯ ಹೊಲದಲ್ಲಿ ಬೊಗಳುತ್ತಿದೆಯಂತೆ. ಇನ್ನೊಂದರದು ತಾಯಿಯ ಹಾಲು ಬಿಟ್ಟ ನಾಲ್ಕನೆಯ ದಿನದಿಂದ ಸುದ್ದಿಯಿಲ್ಲ. ತಮ್ಮ ಮೂರನೆಯ ಸೂತ್ರ ಸರಿಯಾಗಿತ್ತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ತಮ್ಮ ಸೂತ್ರಗಳೆಲ್ಲ ಹೀಗೇ ಸರಿಯಾಗಿವೆ, ನಮ್ಮ ತೊಂದರೆಯೇ ಅದು. ಸುಳ್ಳಾಗಿದ್ದರೆ ಹರಿದು ಮಿರ್ಚಿ ಕಟ್ಟಿಕೊಡುತ್ತಿದ್ದೆವು.

ಉಳಿದವು ಹದಿನೆಂಟು ಉಗುರಿನ ಮೂರು ಹೆಣ್ಣು ಮರಿಗಳು. ಯಾರಿಗೂ ಬೇಡವಾದ್ದರಿಂದ ಅವುಗಳ ಮೇಲೆ ತಮ್ಮ ಕರಪತ್ರವನ್ನು ಪ್ರಯೋಗಿಸಲು ಅನುಕೂಲವಾಯಿತು. ಈರುಳ್ಳಿ, ನಮ್ಮ ಬಾಯಲ್ಲಿ ಉಳ್ಳಾಗಡ್ಡಿ, ನಾಯಿಯ ರಕ್ತಕ್ಕೆ ಕೇಡು, ಹಾಕಕೂಡದು ಎಂದಿರಿ. ಮಿರ್ಚಿ ಅಂಗಡಿಯ ಕೆಳಗೆ ಹುಟ್ಟಿದ ನಾಯಿಗೆ ಉಳ್ಳಾಗಡ್ಡಿ ತಪ್ಪಿಸುವುದು ಎಷ್ಟು ಕಷ್ಟ ಗೊತ್ತೆ? ಹೊನ್ನೂರಮ್ಮ ಗಿರಾಕಿಗಳಿಗೆ, “ಉಳ್ಳಾಗಡ್ಡಿ ಕೆಳಗ ಚೆಲ್ಲಬ್ಯಾಡ್ರಿ, ಹುಡುಗ್ರು ಅದಾವ” ಎಂದು ಕೂಗಿ ಕೂಗಿ ದನಿ ಕಳೆದುಕೊಂಡಳು. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ ಎಂದಿರಿ, ಅದೂ ನಿಂತಿತು. ಜಂತಿನ ಔಷಧವನ್ನು ಹದಿನೈದು ದಿನಕ್ಕೊಮ್ಮೆ ಕುಡಿಸಿ ಎಂದಿರಿ, ಕುಡಿಸಿದೆವು. ಅರ್ಧ ಮರಿಗಳ ಹೊಟ್ಟೆಗೆ, ಅರ್ಧ ನನ್ನ ಅಂಗಿಗೆ. ಮರಿ ಆಟಕ್ಕೆ ಕಚ್ಚಿದರೆ ಹೊಡೆಯಬೇಡಿ, ಮುಖ ತಿರುಗಿಸಿ ಮೌನವಾಗಿ ನಿಲ್ಲಿ ಎಂದಿರಿ. ಏಕಾಂತಪ್ಪ ಮುಖ ತಿರುಗಿಸಿ ನಿಂತ. ಮರಿ ಹಿಂದಿನಿಂದ ಪಂಚೆ ಎಳೆಯಿತು. ಆ ಸೂತ್ರವನ್ನು ಪ್ಯಾಂಟು ಹಾಕುವವರಿಗೆ ಮಾತ್ರ ಎಂದು ತಿದ್ದುವುದು ಒಳ್ಳೆಯದು.

ಇನ್ನು ಒಂಬತ್ತನೆಯ ಸೂತ್ರ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ, ಮೂರು ನಾಲ್ಕು ವಾರ ಬಿಟ್ಟು ಮತ್ತೊಂದು, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು. ‘ತಪ್ಪದೇ’ ಎಂಬ ಪದದ ಕೆಳಗೆ ಗೆರೆ ಹಾಕಿದ್ದಿರಿ. ನನ್ನ ಯಂತ್ರ ಆ ಗೆರೆಯನ್ನು ಇನ್ನೂ ದಪ್ಪ ಮಾಡಿತ್ತು.

ಮರಿಗಳಿಗೆ ನಲವತ್ತೆಂಟು ದಿನವಾದಾಗ ತಮ್ಮ ಲಸಿಕೆ ಶಿಬಿರ ಬಂತು. ತಪ್ಪದೇ ಹೋದೆವು. ಹೊನ್ನೂರಮ್ಮ ಮಂಡಕ್ಕಿ ಬುಟ್ಟಿಯಲ್ಲಿ ಮೂರೂ ಮರಿ ಕೂಡಿಸಿಕೊಂಡಿದ್ದಳು. ಈರಕ್ಕ, ಏಕಾಂತಪ್ಪ, ನಾನು, ದಾರಿಯಲ್ಲಿ ಜೊತೆಯಾದವರು ಸೇರಿ ಹನ್ನೊಂದು ಜನ. ಕೆಂಪಿ ಹಿಂದೆ ಹಿಂದೆ ಬಂದು ಗೇಟಿನಲ್ಲಿ ಕೂತಳು. ಕೌಂಟರಿನಲ್ಲಿದ್ದ ತಮ್ಮ ಸಹಾಯಕ ದೊಡ್ಡಬೀರಪ್ಪ ಅರ್ಜಿ ತೆಗೆದು, ಮೂರು ಕಾಲಂ ಪಟಪಟನೆ ತುಂಬಿ, ನಾಲ್ಕನೆಯದಕ್ಕೆ ಪೆನ್ನು ನಿಲ್ಲಿಸಿದ.

“ಮಾಲೀಕರ ಹೆಸರು ಹೇಳ್ರಿ.”

“ಓಣಿ ನಾಯಿರಿ” ಅಂದಳು ಹೊನ್ನೂರಮ್ಮ.

“ಓಣಿಗೆ ಆಧಾರ್ ಕಾರ್ಡ್ ಐತೇನಬೇ? ಅನ್ನ ಹಾಕಾವ್ರು ಯಾರು?”

“ಎಲ್ಲಾರೂ ಹಾಕ್ತೀವಿ.”

“ಕಚ್ಚಿದ್ರ ಯಾರ ನಾಯಿ?”

ಹನ್ನೊಂದು ಜನ ತಮ್ಮ ಆಸ್ಪತ್ರೆಯ ಸೂರು ನೋಡಿದೆವು. ಕೊನೆಗೆ ಈರಕ್ಕ, “ಕಚ್ಚಿದ್ರ ಅದು ಯಾರ್ದೂ ಅಲ್ರಿ” ಅಂದಳು.

ಇದಕ್ಕೊಂದು ಕಾರಣವಿದೆ, ಅದನ್ನೂ ಹೇಳದೆ ಬಿಡಲಾರೆ. ನಾಲ್ಕು ವರ್ಷದ ಹಿಂದೆ ಕೆಂಪಿ ಒಂದು ಹಾವನ್ನು ಅಡ್ಡಗಟ್ಟಿದಾಗ ಏಕಾಂತಪ್ಪ ಹತ್ತು ಜನರ ಮುಂದೆ, “ನಮ್ಮ ನಾಯಿ ಅದು” ಎಂದುಬಿಟ್ಟ. ಪ್ರೀತಿಗೆ ಅಂದ ಮಾತು. ಅವತ್ತಿನಿಂದ ಓಣಿಯಲ್ಲಿ ಯಾರ ಚಪ್ಪಲಿ ಹರಿದರೂ ತಂದು ಏಕಾಂತಪ್ಪನ ಕಟ್ಟೆಯ ಮೇಲೆ ಇಡುತ್ತಾರೆ. ಕಾಣೆಯಾದ ಕೋಳಿಯ ಪುಕ್ಕ ತಂದು ತೋರಿಸುತ್ತಾರೆ. ಕೊಟ್ಟೂರಿನಿಂದ ಬಂದ ಬೀಗರೊಬ್ಬರ ಧೋತರ ಹರಿದಾಗ ಇವನೇ ಹೋಗಿ ಕೈಮುಗಿದು ಬಂದ. ಆದ್ದರಿಂದ ನಮ್ಮ ಓಣಿಯಲ್ಲಿ ನಾಯಿಗೆ ಸಜ್ಜಕ ಮಾಡುವವರು ಇಪ್ಪತ್ತು ಜನ ಸಿಗುತ್ತಾರೆ, ‘ನಮ್ಮದು’ ಎನ್ನುವವರು ಒಬ್ಬರೂ ಸಿಗುವುದಿಲ್ಲ. ಅವತ್ತು ಏಕಾಂತಪ್ಪ ಕೂಡ ಶಿಬಿರದ ಬ್ಯಾನರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ. ಅವನಿಗೆ ಓದಲು ಬರುವುದಿಲ್ಲ.

ಆಗ ದೊಡ್ಡಬೀರಪ್ಪ ನನ್ನ ಕಡೆ ತಿರುಗಿದ. “ಗುರಣ್ಣ, ನಿನ್ನ ಹೆಸರು ಬರೀಲೇನು?”

ಮಾನ್ಯರೇ, ಈ ಕಡೆಯ ಅರ್ಧ ತಾಲೂಕಿನ ಅರ್ಜಿ ತುಂಬುವವನು ನಾನು. ಜಾತಿ, ಆದಾಯ, ಪಹಣಿ, ಪಡಿತರ, ಯಾವ ಕಾಲಂ ಖಾಲಿ ಬಿಟ್ಟರೆ ಯಾವ ಮೇಜಿನಿಂದ ಅರ್ಜಿ ವಾಪಸು ಬರುತ್ತದೆ ಎಂಬುದು ನನಗೆ ಬಾಯಿಪಾಠ. ಗಂಡನ ಹೆಸರು ಬಾಯಿಬಿಟ್ಟು ಹೇಳದ ಹೆಂಗಸರ ಅರ್ಜಿಯಲ್ಲೂ ಗಂಡನ ಹೆಸರು ತುಂಬಿಸಿದ್ದೇನೆ. ಅಂಥ ನಾನು ಹೇಳಿದ್ದು: “ನಾ ಬರೇ ಅರ್ಜಿ ತುಂಬಾಕ ಬಂದೀನೋ ಮಾರಾಯ.”

ಆಗಲೇ ಒಳಗಿನ ಕೋಣೆಯಿಂದ ತಮ್ಮ ದನಿ ಕೇಳಿಸಿತು. “ಕಾಲಂ ಖಾಲಿ ಇದ್ದರೆ ತಗೋಬೇಡಪ್ಪ. ಮುಂದಿನ ಶಿಬಿರಕ್ಕೆ ನೋಡೋಣ.” ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಆ ದಣಿವು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಇಷ್ಟೇ: ಲಸಿಕೆಯ ಡಬ್ಬಿ ದೊಡ್ಡಬೀರಪ್ಪನ ಮೊಣಕೈ ಹತ್ತಿರ ಐಸಿನಲ್ಲಿತ್ತು. ಮರಿಗಳು ಬುಟ್ಟಿಯಲ್ಲಿದ್ದವು. ನಡುವೆ ಒಂದು ಗೇಣು ಮೇಜು. ಆ ಗೇಣು ದಾಟಲು ರೋಗಕ್ಕೆ ಯಾವ ಮಾಲೀಕರ ಹೆಸರೂ ಬೇಕಾಗಲಿಲ್ಲ, ಔಷಧಕ್ಕೆ ಮಾತ್ರ ಏಕೆ ಬೇಕಾಯಿತು?

ಒಂದು ವಾರಕ್ಕೆ ಎರಡು ಮರಿ ವಾಂತಿ ಶುರುಮಾಡಿದವು. ಮರುದಿನ ರಕ್ತದ ಭೇದಿ. ಓಣಿಯವರು ದೃಷ್ಟಿ ತೆಗೆದರು. ಹೊನ್ನೂರಮ್ಮ ಅಂಗಡಿ ಬಿಟ್ಟು ಬುಟ್ಟಿ ಹೊತ್ತು ತಮ್ಮಲ್ಲಿಗೆ ಓಡಿದಳು. ತಾವು ಸಭೆಗೆ ಹೋಗಿದ್ದಿರಿ. ದೊಡ್ಡಬೀರಪ್ಪ ಯಾವ ಅರ್ಜಿಯನ್ನೂ ತೆಗೆಯದೆ ಎರಡಕ್ಕೂ ಗ್ಲೂಕೋಸ್ ಏರಿಸಿದ. ಅದನ್ನು ನಾನಿಲ್ಲಿ ಬರೆದಿದ್ದಕ್ಕೆ ಅವನ ಮೇಲೆ ಕ್ರಮ ಜರುಗಿಸಬೇಡಿ, ಬೇಕಿದ್ದರೆ ಆ ಸಾಲನ್ನು ಓದದೆ ಬಿಡಿ. “ಪಾರ್ವೊ ಅಂತ ಕರುಳಿನ ಬ್ಯಾನಿ ಇದು, ಗುರಣ್ಣ. ಸೂಜಿ ಬಿದ್ದಿದ್ರ ಉಳಿಯೂ ಹಂಗಿತ್ತು. ಚಲೋ ಇರೂ ಮರಿನ ಬ್ಯಾರೆ ಕಡೆ ಇಡು, ಬೆಂಚಿನ ಕೆಳಗ ಬ್ಲೀಚಿಂಗ್ ಪೌಡರ್ ಹಾಕಿ ತೊಳಿ” ಅಂದ. ಒಂದು ಅವತ್ತೇ ಹೋಯಿತು. ಇನ್ನೊಂದು ಎರಡು ದಿನ ಹೊನ್ನೂರಮ್ಮನ ಮಡಿಲಲ್ಲಿದ್ದು ಹೋಯಿತು.

ಹಳ್ಳದ ದಂಡೆಯಲ್ಲಿ ಹೂಳಿ ಬರುವಾಗ ಅವಳು ನನ್ನ ಮುಖ ನೋಡಲಿಲ್ಲ. “ಸೂಜಿ ಹಾಕಾಕ ಹೆಸರು ಕೇಳಿದ್ರು” ಅಂದಳು. “ಹೂಳಾಕ ಯಾರೂ ಕೇಳಲಿಲ್ಲ ನೋಡು.” ಸ್ವಲ್ಪ ದೂರ ನಡೆದು ಮತ್ತೆ ಅಂದಳು: “ನನಗ ಅಕ್ಷರ ಬರಂಗಿಲ್ಲ. ನಿನಗ ಬರತಾವಲ್ಲ ತಮ್ಮಾ.”



ಉಳಿದ ಮರಿಯನ್ನು ಬೇರೆ ಕಡೆ ಇಡಬೇಕಿತ್ತಲ್ಲ, ನನ್ನ ಅಂಗಡಿಗೆ ತಂದೆ. ಬೆಳ್ಳಗಿದೆ, ಮಂಡಕ್ಕಿ ಎಂದು ಹೆಸರು. ಝೆರಾಕ್ಸ್ ಯಂತ್ರದ ಕೆಳಗೆ ಬೆಚ್ಚಗಿರುತ್ತದೆ, ಅಲ್ಲೇ ಮಲಗುತ್ತದೆ. ಮರಿಗೆ ಕಡಿಯಲು ಆಟಿಕೆ ಕೊಡಿ ಎಂಬ ತಮ್ಮ ಏಳನೆಯ ಸೂತ್ರವನ್ನು ಕರಪತ್ರದ ಸಮೇತ ತಿಂದಿದೆ. ಹೂವಿನಹಡಗಲಿಯ ಬಸ್ಸಿನ ಹಾರನ್ನಿಗೆ ಕಿವಿ ಎತ್ತುತ್ತದೆ, ಕೂಡ್ಲಿಗಿಯ ಬಸ್ಸಿಗೆ ಎತ್ತುವುದಿಲ್ಲ. ಹದಿನೆಂಟೇ ಉಗುರು, ನಾನೇ ಎಣಿಸಿದ್ದೇನೆ. ಇವತ್ತಿಗೆ ಎಪ್ಪತ್ತನಾಲ್ಕು ದಿನ, ಈವರೆಗೆ ಕಾಯಿಲೆ ಇಲ್ಲ, ಲಸಿಕೆಯೂ ಇಲ್ಲ. ದಿನಾ ಬೆಳಿಗ್ಗೆ ಶಟರ್ ಅರ್ಧ ಎತ್ತಿ, ಬಗ್ಗಿ, ಮೊದಲು ಅದರ ಮೂತಿ ಹುಡುಕುತ್ತೇನೆ.

ಆದ್ದರಿಂದ ನನ್ನ ಬೇಡಿಕೆ. ಬರುವ ಶನಿವಾರ ತಮ್ಮ ಮುಂದಿನ ಶಿಬಿರ. ಅಷ್ಟರೊಳಗೆ ನಮೂನೆಯಲ್ಲಿ ‘ಮಾಲೀಕರ ಹೆಸರು’ ಎಂಬುದನ್ನು ಹೊಡೆದು ‘ಕರೆತಂದವರ ಹೆಸರು’ ಎಂದು ಬರೆಯಿರಿ. ಕರೆತಂದವರು ನಮ್ಮಲ್ಲಿ ಹನ್ನೊಂದು ಜನ ಇದ್ದಾರೆ, ಜಾಗ ಸಾಲದಿದ್ದರೆ ಹಿಂಬದಿಯೂ ತುಂಬಿಸುತ್ತೇವೆ. ಹೊಸ ನಮೂನೆಯ ಪ್ರತಿಗಳನ್ನು ನಾನೇ ತೆಗೆದುಕೊಡುತ್ತೇನೆ, ಮಸಿ ಕಮ್ಮಿ ಮಾಡಿಸಿದ್ದೇನೆ. ಕಾಲಂ ಬದಲಿಸಲು ಮೇಲಿನವರ ಅಪ್ಪಣೆ ಬೇಕು, ಅದು ಬರುವಷ್ಟರಲ್ಲಿ ಮಂಡಕ್ಕಿ ಅಜ್ಜಿಯಾಗುತ್ತಾಳೆ ಎಂದು ತಾವು ಹೇಳುವುದೂ ನನಗೆ ಗೊತ್ತು. ಅದಕ್ಕೇ ಹಳೆಯ ನಮೂನೆಯೊಂದನ್ನು ತುಂಬಿ ಇದರ ಜೊತೆ ಲಗತ್ತಿಸಿದ್ದೇನೆ. ನಾಲ್ಕನೆಯ ಕಾಲಂ ಖಾಲಿ ಇಲ್ಲ. ಕೆಂಪಿಗೂ ಒಂದು ಪ್ರತ್ಯೇಕ ಅರ್ಜಿ ಇದೆ, ಅದೇ ಹೆಸರು, ಅದೇ ಸಹಿ. ಶನಿವಾರ ಹೊನ್ನೂರಮ್ಮ ಬುಟ್ಟಿ ತರುತ್ತಾಳೆ. ವಾಪಸು ಕಳಿಸಲು ಈಗ ತಮ್ಮ ಹತ್ತಿರ ಕಾರಣ ಉಳಿದಿಲ್ಲ.

ಅರ್ಜಿಗೆ ನಾನು ಸಹಿ ಹಾಕಿದ ಸುದ್ದಿ ಓಣಿಗೆ ಹೇಗೆ ಹೋಯಿತೋ. ಈಗಷ್ಟೇ ಏಕಾಂತಪ್ಪ ಬಂದಿದ್ದ. ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಸುರುವಿದ. ಏಳು ಹರಿದ ಚಪ್ಪಲಿ, ಎಲ್ಲವೂ ಒಂಟಿ. “ನಾಕು ವರ್ಷ ನಾ ನೋಡ್ಕೊಂಡೀನಿ, ಗುರಣ್ಣ” ಅಂದ, ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು. “ಇನ್ಮ್ಯಾಲ ನಿಂದು.” ಮಂಡಕ್ಕಿ ಯಂತ್ರದ ಕೆಳಗಿನಿಂದ ಬಂದು ಏಳರಲ್ಲಿ ಒಂದನ್ನು ಆರಿಸಿಕೊಂಡು ಒಳಗೆ ಹೋಯಿತು.

ಇಂತಿ,
ನಾಲ್ಕನೆಯ ಕಾಲಂಗೆ ಎರಡು ಮರಿಯಷ್ಟು ತಡವಾಗಿ ಬಂದ
ಗುರುಬಸವರಾಜ
ಝೆರಾಕ್ಸ್ ಅಂಗಡಿ, ಬಸ್ ಸ್ಟ್ಯಾಂಡ್ ಎದುರು
(ಹರಿದ ಚಪ್ಪಲಿಗಳನ್ನು ಬೆಳಿಗ್ಗೆ ಹತ್ತರ ನಂತರ ಸ್ವೀಕರಿಸಲಾಗುವುದು)