ಆಟ ಬಿಟ್ಟು ಏಳುವ ಗುಂಡಿ

ತಮ್ಮಾ,
ನಿನ್ನ ಹೆಂಡತಿಯ ಕೆಮ್ಮು ನಿಂತಿತೇ? ಪುಟ್ಟಿಗೆ ಹಲ್ಲು ಬಂತೇ? ನನ್ನ ಮಂಡಿ ನೋವು ಇಳಿದಿದೆ. ಮೊಮ್ಮಗಳಿರುವ ಮೂರನೆಯ ಮಹಡಿಯನ್ನು ದಿನಕ್ಕೆರಡು ಸಲ ಹತ್ತುತ್ತೇನೆ.

ಅವಳೂ ಇಬ್ಬರು ಗೆಳೆಯರೂ ಅಲ್ಲಿ ಒಂದೇ ಕೋಣೆಯಲ್ಲಿ ಕೂತು ಕಂಪ್ಯೂಟರ್ ಆಟ ಕಟ್ಟುತ್ತಿದ್ದಾರೆ. ಕಂಪನಿಯಿಲ್ಲ, ಯಜಮಾನನಿಲ್ಲ. ಒಬ್ಬ ಅಕ್ಕಿ ಚೀಲ ಹಿಸುಕಿದರೆ ಆಟದಲ್ಲಿ ಮರಳಿನ ಮೇಲೆ ನಡೆದ ಸದ್ದು ಕೇಳುತ್ತದೆ ಮಾರಾಯ! ಆ ಆಟದ ಕಡಲ ದಂಡೆಯಲ್ಲಿ ಗಡಿಯಾರ ರಿಪೇರಿಯ ಮುದುಕನೊಬ್ಬನಿದ್ದಾನೆ. ಅವನಿಗೆ ನಾವು ಮುಳ್ಳು, ಸ್ಪ್ರಿಂಗು ಹುಡುಕಿಕೊಡಬೇಕು.

ಆಡಿದವರೆಲ್ಲ ಹೊಗಳುತ್ತಾರಂತೆ, ಆದರೆ ಒಮ್ಮೆ ಎದ್ದುಹೋದವರು ಮತ್ತೆ ತೆರೆಯುವುದಿಲ್ಲವಂತೆ. ಹೀಗೇ ಆದರೆ ಆಟವನ್ನೇ ಕೈಬಿಡುವುದೆಂದು ಮೂವರೂ ಮುಖ ಸಪ್ಪೆ ಮಾಡಿಕೊಂಡಿದ್ದರು.

ಮೊನ್ನೆ ನಾನೂ ಒಂದು ಗಂಟೆ ಆಡಿದೆ. ಏಳಬೇಕೆಂದರೆ ‘ಹೋಗುತ್ತೇನೆ’ ಎಂಬ ಗುಂಡಿ ಒತ್ತಬೇಕಿತ್ತು. ನನಗೆ ಕೈಯೇ ಬರಲಿಲ್ಲ.

"ಒತ್ತಜ್ಜಿ, ಏನೂ ಆಗಲ್ಲ," ಎಂದಳು ಮೊಮ್ಮಗಳು.

"ವಯಸ್ಸಾದವರ ಮುಂದೆ ಹೋಗ್ತೀನಿ ಅಂತಾರೇನೇ? ಹೋಗಿ ಬರ್ತೀನಿ ಅನ್ನಬೇಕು. ನೀವೇ ಹೀಗೆ ಕಳಿಸಿದ್ರೆ ಯಾರು ವಾಪಸ್ ಬರ್ತಾರೆ?"

ಅಕ್ಕಿ ಚೀಲದವನು ಚೀಲ ಕೆಳಗಿಟ್ಟ. ಕೂತಲ್ಲೇ ಗುಂಡಿಯ ಮಾತನ್ನು ‘ಹೋಗಿ ಬರುತ್ತೇನೆ’ ಎಂದು ಬದಲಾಯಿಸಿದರು. ಈಗ ಅದನ್ನು ಒತ್ತಿದರೆ ಮುದುಕ ತಲೆಯೆತ್ತಿ, "ಆ ದೊಡ್ಡ ಗಡಿಯಾರ ನಾಳೆ ನಿಮ್ಮ ಕೈಲೇ ಬಿಚ್ಚಿಸೋಣ, ಹೋಗಿ ಬನ್ನಿ," ಎನ್ನುತ್ತಾನೆ. ನಿನ್ನೆ ಆಡಿದ ಹನ್ನೊಂದು ಜನರಲ್ಲಿ ಏಳು ಜನ ಇವತ್ತು ಮತ್ತೆ ತೆರೆದಿದ್ದಾರೆ. ಮೂವರೂ ಕುಣಿಯುತ್ತಿದ್ದಾರೆ, ಮಂಡಿ ಬಿಟ್ಟರೆ ನಾನೂ ಕುಣಿಯುತ್ತಿದ್ದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು, ಅಲ್ಲಿ ಮುದುಕ ಕಾಯುತ್ತಿದ್ದಾನೆ. ಹೋಗಿ ಬರುತ್ತೇನೆ. ನೀನು ಬೇಗ ಬರೆ.

ನಿನ್ನ ಅಕ್ಕ