ಕಚ್ಚದ ಕಣಜಕ್ಕಾಗಿ ಮಾವನೊಡನೆ ಜಗಳ

ಕಾವೇರಿ ಬಯಲು,
ಫೆಬ್ರವರಿ ಮೂವತ್ತು, ಇಸವಿ ೨೩೧೪

ಹಿಂದಿನವರೇ,

ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತೆಂದು ಕೇಳಬೇಡಿ. ಪಂಚಾಂಗ ತಿದ್ದಿದವರು ನಮ್ಮ ತಾತಂದಿರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳಲಾರೆ.

ನಾನು ಕೆಂಪಾಜಮ್ಮ, ಊರಿನ ಮೊಟ್ಟೆಮನೆ ನೋಡಿಕೊಳ್ಳುವವಳು. ಮೊಟ್ಟೆಮನೆಯೆಂದರೆ ಟ್ರೈಕೊಗ್ರಾಮಾ ಎಂಬ ಕಣಜಗಳನ್ನು ಸಾಕುವ ಕೋಣೆ. ಸಾಸಿವೆ ಕಾಳಿನ ಪಕ್ಕದಲ್ಲಿಟ್ಟರೆ ಕಾಳೇ ಬೆಟ್ಟ, ಅಷ್ಟು ಚಿಕ್ಕವು. ಕಬ್ಬು ಕೊರೆಯುವ ಹುಳುವಿನ ತಾಯಿ ಪತಂಗ. ಆ ಪತಂಗದ ಮೊಟ್ಟೆಯೊಳಗೆ ಇವು ತಮ್ಮ ಮೊಟ್ಟೆ ಇಡುತ್ತವೆ. ಹುಳು ಹುಟ್ಟಬೇಕಾದಲ್ಲಿ ಇನ್ನೊಂದು ಕಣಜ ಹೊರಬರುತ್ತದೆ. ಮನುಷ್ಯರ ಗೊಡವೆಯೇ ಇಲ್ಲ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಬತ್ತಿತು.

ಊರಿನ ಅಧ್ಯಕ್ಷ ಪುಟ್ಟಮಾದಯ್ಯ ನನ್ನ ಸೋದರಮಾವ. ಅವನ ಕಿವಿಗೆ ಬಿದ್ದದ್ದು ಕಣಜ ಎಂಬ ಪದವೊಂದೇ.

“ಕಣಜ ಅಂದ್ಮೇಲೆ ಕಚ್ದೆ ಇರ್ತದಾ? ಮಕ್ಳುಮರಿ ಓಡಾಡೋ ಊರು ಕಣವ್ವ ಇದು!”

“ಮಾವ, ನಿನ್ ಮೀಸೆ ಮೇಲೆ ಕೂತ್ರೂ ನಿಂಗೆ ಗೊತ್ತಾಗಕಿಲ್ಲ!”

ಅವನು ಮೀಸೆ ಒರೆಸಿಕೊಂಡು ಹೋದ. ಅಂದೇ ಸಂಜೆಮಂಜು ಬಿಡಿಸಿದ. ಹುಳಹುಪ್ಪಟೆ ಕೊಲ್ಲಲೆಂದು ಊರ ನಡುವಿನ ಗೋಪುರದಿಂದ ಎಲ್ಲೆಡೆ ಹರಡುವ ವಿಷದ ಹೊಗೆಗೆ ನಾವಿಟ್ಟ ಚೆಂದದ ಹೆಸರದು. ಹೊಲದ ಕಣಜಗಳು ಸತ್ತವು; ಹೊಗೆ ಕಿಟಕಿಯೊಳಗೂ ನುಗ್ಗಿ ಮೊಟ್ಟೆಮನೆ ಬರಿದಾಯಿತು. ಕಾಂಡದೊಳಗಿನ ಹುಳುವಿಗೆ ಮಾತ್ರ ಹೊಗೆ ತಾಗಲಿಲ್ಲ; ಅದು ಕೊರೆದ ಎಳೆ ಕಬ್ಬಿನ ಸುಳಿಗಳು ಒಣಗತೊಡಗಿದವು. ಕೊಳೆತು ನಾರುವ ಸುಳಿಯೊಂದನ್ನು ಹಿಡಿದು ಮಾವ ನನ್ನ ಬಾಗಿಲಿಗೆ ಬಂದ.

“ಒಂದಷ್ಟು ಕಣಜ ಕೊಡವ್ವ.”

“ಎಲ್ಲಿಂದ ಕೊಡ್ಲಿ? ನೀನೇ ಸಾಯಿಸ್ದಲ್ಲ!”

ಬಾಗಿಲು ಹಾಕಿಬಿಡಬೇಕೆನಿಸಿತು. ಆದರೆ ಕಬ್ಬೇನು ತಪ್ಪು ಮಾಡಿತ್ತು? ಸ್ಮಶಾನದಾಚೆ, ಹೊಗೆ ತಲುಪದ ಕಡೆ, ಯಾರೂ ಕಡಿಯದ ಕಬ್ಬಿನ ಮೆಳೆಯೊಂದಿತ್ತು. ಮಾವನಿಗೆ ಬುಟ್ಟಿ ಹೊರಿಸಿ ಕರೆದೊಯ್ದೆ. ಎಲೆಗಳನ್ನು ಒಂದೊಂದಾಗಿ ಮಗುಚಿದೆವು. ಪತಂಗದ ಮೊಟ್ಟೆ ಬಿಳಿಚಿಕೊಂಡಿರುತ್ತದೆ. ಒಳಗೆ ಕಣಜವಿದ್ದರೆ ಕಪ್ಪಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಪ್ಪು ಮೊಟ್ಟೆಗಳ ಎಲೆಯೊಂದು ಸಿಕ್ಕಿತು. ಮಾವನ ಅಂಗೈಯಲ್ಲಿಟ್ಟೆ. ನೋಡನೋಡುತ್ತಿದ್ದಂತೆ ಧೂಳಿನಂಥದೊಂದು ಹೊರಬಂದು ಅವನ ಹೆಬ್ಬೆರಳು ಹತ್ತಿತು. ಮಾವ ಹೆಬ್ಬೆರಳನ್ನು ಕಣ್ಣ ಹತ್ತಿರ ತಂದ.

“ಇಷ್ಟೇಯಾ? ಇದ್ಕಾ ನಾನು ಹೆದ್ರಿದ್ದು?”

ಆ ಎಲೆಯಿಂದಲೇ ಮೊಟ್ಟೆಮನೆ ಮತ್ತೆ ತುಂಬಿತು. ಅರ್ಧ ಬೆಳೆ ಹೋಯಿತು, ಅರ್ಧ ಉಳಿಯಿತು. ಈಗ ಮಾವ ಊರೂರಿಗೆ ಹೋಗಿ ಕಣಜದ ಮೇಲೆ ಭಾಷಣ ಬಿಗಿಯುತ್ತಾನೆ. ಹೋಗಲಿ ಎಂದುಕೊಂಡೆ. ನಿನ್ನೆ ಬಂದು ಕೇಳುತ್ತಾನೆ: “ಸೊಳ್ಳೆಗೆ ಮಾತ್ರ ಒಸಿ ಮಂಜು ಬಿಡ್ಸದಾ?” ಗೋಪುರದ ಬೀಗದಕೈ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ.

ನಿಮ್ಮ ಕಾಲದಲ್ಲಿ ಈ ಕಣಜಗಳು ಕರೆಯದೆಯೇ ಬರುತ್ತವಂತೆ. ವಿಷದ ಡಬ್ಬಿಯ ಮುಚ್ಚಳ ತಿರುಗಿಸುವ ಮುನ್ನ ಎಲೆಯೊಂದನ್ನು ಮಗುಚಿ ನೋಡಿ. ಮೊಟ್ಟೆ ಕಪ್ಪಗಿದ್ದರೆ ಸುಮ್ಮನೆ ಮನೆಗೆ ಹೋಗಿ ಮುದ್ದೆ ಉಣ್ಣಿ. ಅವುಗಳ ಕೆಲಸ ಅವಕ್ಕೆ ಗೊತ್ತು.

ಇಂತಿ,
ಕೆಂಪಾಜಮ್ಮ